ಹಳೆಯ ಕನ್ನಡ ಫಾಂಟುಗಳು: ಚಾಮರಾಜನಗರ, ಗುಂಡ್ಲುಪೇಟೆಯ ಅಚ್ಚುಕೆಲಸದಲ್ಲಿ

ಯೂನಿಕೋಡ್ ಬಳಕೆಗೆ ಬರುವ ಮುನ್ನ ಪುಟವಿನ್ಯಾಸಕ್ಕೆಂದು ತಯಾರಾದ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳು. ಡಿಟಿಪಿಯವರ ಬಾಯಲ್ಲಿ ಇವು ‘ನುಡಿ’, ‘ಶ್ರೀಲಿಪಿ’, ‘ಆಕೃತಿ’, ‘ಬರಹ’. ಒಟ್ಟಾಗಿ ‘ಆಸ್ಕಿ ಫಾಂಟು’. ಚಾಮರಾಜನಗರ 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದಾಗ ರಾಜ್ಯದ ಅಚ್ಚುಕೂಟಗಳಲ್ಲಿ ಅಚ್ಚುಮೊಳೆ ಸರಿದು ಗಣಕ ಬರುತ್ತಿತ್ತು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಬಿಲ್ ಪುಸ್ತಕದಂಥ ಸಣ್ಣ ಕೆಲಸಗಳಲ್ಲಿ ಈ ಫಾಂಟುಗಳು ಗಟ್ಟಿಯಾಗಿ ಉಳಿದವು.

ಹಿನ್ನೆಲೆ

ಫಾಂಟು ಕಡತದ ಮಾದರಿಗಳಲ್ಲಿ ಅಡೋಬಿಯ ಟೈಪ್ 1 ಬಂದದ್ದು 1984ರಲ್ಲಿ, ಆ್ಯಪಲ್‌ನ ಟ್ರೂಟೈಪ್ 1991ರಲ್ಲಿ. ಓಪನ್‌ಟೈಪ್ ಘೋಷಣೆಯಾದದ್ದು 1996ರಲ್ಲಿ. 2023ರ ಜನವರಿಯಲ್ಲಿ ಅಡೋಬಿ ಟೈಪ್ 1ಕ್ಕೆ ಬೆಂಬಲ ನಿಲ್ಲಿಸಿದಾಗ ಬೇರೆಡೆ ಗದ್ದಲವಾಯಿತು. ನಮ್ಮಲ್ಲಿ ಬಹುಪಾಲು ಕೆಲಸ ವಿಂಡೋಸ್ ಮೇಲಿನ ಟ್ರೂಟೈಪಿನಲ್ಲಿ ನಡೆದದ್ದರಿಂದ ಆ ಬಿಸಿ ಅಷ್ಟಾಗಿ ತಟ್ಟಲಿಲ್ಲ. ಕನ್ನಡದ ತೊಡಕು ಕಡತದ ಮಾದರಿಯೆಂಬ ಪೆಟ್ಟಿಗೆಯದಲ್ಲ, ಒಳಗೆ ತುಣುಕುಗಳನ್ನು ಇಟ್ಟ ಕ್ರಮದ್ದು.

ತುಣುಕುಗಳ ಲೆಕ್ಕ

ಇಂಥ ಫಾಂಟಿನಲ್ಲಿ ಇರುವುದು ಹೆಚ್ಚೆಂದರೆ 256 ಮನೆ. ಅಷ್ಟರಲ್ಲಿ ಕಾಗುಣಿತ, ಒತ್ತು ಎಲ್ಲ ಹಿಡಿಸಬೇಕಾದರೆ ಅಕ್ಷರವನ್ನು ಒಡೆಯಲೇಬೇಕು. ಮೊಳೆ ಜೋಡಿಸಿದವರಿಗೆ ಇದು ಹೊಸದಲ್ಲ. ಅಲ್ಲೂ ಒತ್ತಿಗೆ ಬೇರೆ ಮೊಳೆ.

ನುಡಿಯಲ್ಲಿ ‘ಗುಂಡ್ಲುಪೇಟೆ’ 13 ತುಣುಕು: ಗಕಾರದ ಮೈ, ತಲೆಕಟ್ಟು, ಕೊಂಬು, ಸೊನ್ನೆ, ಡಕಾರದ ಮೈ, ತಲೆಕಟ್ಟು, ಕೊಂಬು, ಲಕಾರದ ಒತ್ತು, ಪಕಾರದ ಮೈ, ಎತ್ವ, ದೀರ್ಘ, ಟಕಾರದ ಮೈ, ಎತ್ವ. ಯೂನಿಕೋಡಿನಲ್ಲಿ ಅದೇ ಹೆಸರು 11 ಸಂಕೇತ. ಎಣಿಕೆಗಿಂತ ಸಾಲು ಮುಖ್ಯ. ನುಡಿ ಕಣ್ಣಿಗೆ ಕಾಣುವಂತೆ ಡಕಾರಕ್ಕೆ ಕೊಂಬು ಕೊಟ್ಟು ಆಮೇಲೆ ಒತ್ತು ಹಾಕುತ್ತದೆ. ಯೂನಿಕೋಡ್ ಉಚ್ಚರಿಸುವಂತೆ ಡ, ವಿರಾಮ, ಲ ಆದಮೇಲೆ ಕೊಂಬು ಇಡುತ್ತದೆ. ಅರ್ಕಾವತ್ತಿನದು ಇನ್ನೂ ತಿರುಗುಮುರುಗು: ಹಳೆಯ ಕ್ರಮದಲ್ಲಿ ಅಕ್ಷರ ಆದಮೇಲೆ, ಹೊಸದರಲ್ಲಿ ಅಕ್ಷರಕ್ಕೆ ಮೊದಲು.

ಜಿಲ್ಲೆಯ ಹೆಸರಿನಲ್ಲೇ ಮತ್ತೊಂದು ಚಮತ್ಕಾರವಿದೆ. ‘ಚಾಮರಾಜನಗರ’ದ ಮಕಾರಕ್ಕೆ ಸ್ವಂತ ಮನೆಯಿಲ್ಲ, ವಕಾರದ ಮೈ, ತಲೆಕಟ್ಟು, ಕೊಂಬು ಸೇರಿ ‘ಮ’ ಆಗುತ್ತದೆ. ಹಾಗಾದರೆ ‘ವು’ ಹೇಗೆ? ಅದಕ್ಕೆ ಬೇರೆಯೇ ಕೊಂಬು. ‘ಯಳಂದೂರು’ ಶುರುವಾಗುವುದಂತೂ ಸೊನ್ನೆಯಿಂದ, ಏಕೆಂದರೆ ಯಕಾರದ ಎಡಸುತ್ತಿಗೆ ಅನುಸ್ವಾರದ ತುಣುಕನ್ನೇ ಬಳಸಲಾಗಿದೆ. ಪುಟದ ಮೇಲೆ ಯಾವುದೂ ಗೊತ್ತಾಗದು. ಅಕಾರಾದಿ ಜೋಡಿಸಲು ಅಥವಾ ಹುಡುಕಲು ಹೊರಟಾಗ ಗುಟ್ಟು ಹೊರಬೀಳುತ್ತದೆ.

ತಯಾರಕರು

ನುಡಿ ಕನ್ನಡ ಗಣಕ ಪರಿಷತ್ತಿನದು, ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದೆ. ಶೇಷಾದ್ರಿವಾಸು ಅವರ ಬರಹ 1998ರದು. ಶ್ರೀಲಿಪಿ ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನದು, ಆಕೃತಿ ಬೆಂಗಳೂರಿನದು. ತುಣುಕುಗಳ ಹಂಚಿಕೆಯ ಕ್ರಮ ಹೆಚ್ಚಾಗಿ ಒಬ್ಬರದು ಇನ್ನೊಬ್ಬರಿಗೆ ಕೂಡದ್ದರಿಂದ ಶ್ರೀಲಿಪಿಯ ಪುಟಕ್ಕೆ ನುಡಿ ಫಾಂಟು ಹಾಕಿದರೆ ಸಿಗುವುದು ಕಲಸುಮೇಲೋಗರ.

ಉಳಿದಿರುವುದು ಏಕೆ

ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 2001ರ 7.0. ಅದಕ್ಕೆ ಯೂನಿಕೋಡ್ ಕನ್ನಡ ಬಾರದು. ಹಳೆಯ ಲಗ್ನಪತ್ರಿಕೆಯಲ್ಲಿ ವಧೂವರರ ಹೆಸರು, ಮುಹೂರ್ತ, ಛತ್ರ ಬದಲಿಸಿದರೆ ಹೊಸದು ತಯಾರಾಗುವಾಗ ಅದನ್ನು ಬಿಡಲು ಯಾರಿಗೂ ಅವಸರವಿಲ್ಲ. ಹಳೆಯ ಪಠ್ಯವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳಿವೆ, ಪ್ರೂಫ್ ನೋಡುವವರು ಮೊದಲು ಮ, ಯ, ಅರ್ಕಾವತ್ತುಗಳ ಮೇಲೆ ಕಣ್ಣಿಟ್ಟರೆ ಸಾಕಷ್ಟು ತಪ್ಪು ಸಿಕ್ಕಿಬೀಳುತ್ತವೆ. ಆದರೆ ಹೊರಗಿನ ಪ್ರೆಸ್ಸಿಗೆ ಕಳಿಸುವಾಗ ಫಾಂಟಿನ ರಗಳೆಯೇ ಬೇಡವೆಂದು ಕೋರೆಲ್‌ನಲ್ಲಿ ಅಕ್ಷರಗಳನ್ನು ‘ಕರ್ವ್’ ಮಾಡಿದ ಕಡತಗಳಿಗೆ ಪರಿವರ್ತಕ ಉಪಯೋಗಕ್ಕೆ ಬಾರದು. ಅವುಗಳಲ್ಲಿರುವುದು ಬರೀ ಗೆರೆ. ಪಠ್ಯ ಬೇಕಿದ್ದರೆ ಮತ್ತೆ ಟೈಪು ಮಾಡಬೇಕು.