ಒಂದು ಫಲಕಕ್ಕೆ ಹಿಡಿಸದ ಬೆಳಕು

ಒಂದೇ ನೋಟವನ್ನು ಬೇರೆ ಬೇರೆ ಎಕ್ಸ್‌ಪೋಷರ್‌ಗಳಲ್ಲಿ ಮೂರೋ ಐದೋ ಸಲ ತೆಗೆಯುವುದಕ್ಕೆ ಛಾಯಾಗ್ರಾಹಕರು ಬ್ರಾಕೆಟಿಂಗ್ ಎನ್ನುತ್ತಾರೆ; ಅವನ್ನು ಬೆಸೆದಾಗ ಬರುವ ಚಿತ್ರ ಎಚ್‌ಡಿಆರ್. ಇದು ಕಂಪ್ಯೂಟರ್ ಕಲಿಸಿದ ಚಾಳಿ, ಒಂದೇ ಕ್ಲಿಕ್ಕಿನ ಚಿತ್ರವೇ ಅಸಲಿ ಫೋಟೊ ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಛಾಯಾಗ್ರಹಣದ ಮೊದಲ ದಶಕಗಳನ್ನು ಬಲ್ಲವರು ಈ ಮಾತನ್ನು ಒಪ್ಪುವುದು ಕಷ್ಟ. ಲೋಕದ ಬೆಳಕೆಲ್ಲ ಒಂದು ಫಲಕಕ್ಕೆ ಹಿಡಿಸದು ಎಂಬುದು ಆ ಕಾಲದವರಿಗೇ ಗೊತ್ತಿತ್ತು. ಅವರು ಎರಡನೆಯ ನೆಗೆಟಿವ್‌ನ ಮೊರೆಹೋದದ್ದು ಕಣ್ಣು ಕಂಡದ್ದಕ್ಕೆ ಇನ್ನಷ್ಟು ಹತ್ತಿರವಾಗಲು.

ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ ಕೊಲೋಡಿಯನ್ ಗಾಜಿನ ಫಲಕವಾಗಲಿ, ಅದಕ್ಕೂ ಹಿಂದಿನ ಕಾಗದದ ನೆಗೆಟಿವ್ ಆಗಲಿ ನೀಲಿ ಬೆಳಕಿಗೆ ಬೇಗನೆ ಸ್ಪಂದಿಸುತ್ತಿದ್ದವು. ಹಸಿರಿಗೆ ತೀರ ಮಂದ, ಕೆಂಪಿಗೆ ಹೆಚ್ಚುಕಡಿಮೆ ಕುರುಡು. ಮರ, ಕಲ್ಲು, ನೆಲ ಮೂಡುವಷ್ಟು ಹೊತ್ತು ಕಾದರೆ ಆಕಾಶ ಅತಿಯಾಗಿ ಬೆಳಕುಂಡು, ಅಚ್ಚಿನಲ್ಲಿ ಬರಿಯ ಬಿಳಿ ಹಾಳೆಯಾಗುತ್ತಿತ್ತು. ಮೋಡ ಉಳಿಸಿಕೊಳ್ಳಲು ಹೊರಟರೆ ನೆಲ ಕತ್ತಲಲ್ಲಿ ಮುಳುಗುತ್ತಿತ್ತು. 1854ರ ಕೊನೆಯಲ್ಲಿ ಬೇಲೂರು, ಹಳೇಬೀಡುಗಳ ದೇವಾಲಯಗಳನ್ನು ಕ್ಯಾಮೆರಾದಲ್ಲಿ ಹಿಡಿದ ಲಿನಿಯಸ್ ಟ್ರೈಪ್‌ಗೂ ಈ ತೊಡಕಿನಿಂದ ಬಿಡುಗಡೆ ಇರಲಿಲ್ಲ. ಮರುವರ್ಷ ಬರ್ಮಾದಲ್ಲಿ ತೆಗೆದ ಚಿತ್ರಗಳಿಗೆ ಆತ ಕಂಡುಕೊಂಡ ಉಪಾಯ ನೆಗೆಟಿವ್ ಮೇಲೆಯೇ ಬಣ್ಣ ಹಚ್ಚಿ ಮೋಡ ಬರೆಯುವುದು. ಒಂದೇ ನೆಗೆಟಿವ್‌ನ ಚಿತ್ರ ನಿಜ. ಆದರೆ ಆ ಮೋಡ ಬಂದದ್ದು ಕುಂಚದಿಂದ.

ಫ್ರಾನ್ಸಿನ ಗುಸ್ತಾವ್ ಲ ಗ್ರೇ ಹಿಡಿದ ದಾರಿ ಬೇರೆ. 1856-57ರಲ್ಲಿ ನಾರ್ಮಂಡಿಯ ಕರಾವಳಿಯಲ್ಲೂ ಮೆಡಿಟರೇನಿಯನ್ ತೀರದ ಸೆತ್‌ನಲ್ಲೂ ತೆಗೆದ ಕಡಲ ಚಿತ್ರಗಳಲ್ಲಿ ಹಲವಕ್ಕೆ ಆತ ನೀರಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ, ದಿಗಂತದ ಗೆರೆಯಲ್ಲಿ ಎರಡನ್ನೂ ಕೂಡಿಸಿ ಒಂದೇ ಕಾಗದಕ್ಕೆ ಅಚ್ಚು ಹಾಕಿದ. ಅಲೆಯ ನೊರೆಯನ್ನೂ ಮೋಡದ ತೂಕವನ್ನೂ ಒಟ್ಟಿಗೆ ತೋರಿಸಿದ ಆ ಚಿತ್ರಗಳು ಜನರನ್ನು ಬೆರಗುಗೊಳಿಸಿದವು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆತನಿಗೆ ಹೆಸರು ತಂದ 1856ರ ಹಾಯಿಹಡಗಿನ ಚಿತ್ರ ಒಂದೇ ನೆಗೆಟಿವ್‌ನದು. ಸೂರ್ಯನ ಕಡೆಗೆ ಲೆನ್ಸ್ ತಿರುಗಿಸಿ, ಕ್ಷಣಮಾತ್ರ ಬೆಳಕು ಬಿಟ್ಟದ್ದರಿಂದ ಹಗಲೇ ಇರುಳಿನಂತೆ ಕಂಡಿತು. ಫ್ರೆಂಚಿನಲ್ಲಿ ಅದು ಬೆಳದಿಂಗಳ ಹಡಗು ಎಂದೇ ಹೆಸರಾಯಿತು. ಒಂದೇ ಎಕ್ಸ್‌ಪೋಷರ್ ಸತ್ಯಕ್ಕೆ ಖಾತರಿ ಎನ್ನುವವರು ಈ ಚಿತ್ರದ ಮುಂದೆ ನಿಂತು ಉತ್ತರ ಹೇಳಬೇಕಾಗುತ್ತದೆ.

ಆಕ್ಷೇಪಿಸುವವರ ಕೈಯಲ್ಲೂ ಗಟ್ಟಿ ಸಾಕ್ಷ್ಯವಿದೆ. ಲ ಗ್ರೇ ಒಂದೇ ಆಕಾಶವನ್ನು ಬೇರೆ ಬೇರೆ ಕಡಲುಗಳ ಮೇಲೆ ಹೊದಿಸಿದ್ದುಂಟು. 1857ರಲ್ಲಿ ಆಸ್ಕರ್ ರೇಲಾಂಡರ್ ಮೂವತ್ತರಷ್ಟು ನೆಗೆಟಿವ್‌ಗಳಿಂದ ನೀತಿಕಥೆಯೊಂದನ್ನೇ ಕಟ್ಟಿದ. ಇವು ಕಲ್ಪನೆಯ ಕೃತಿಗಳೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅಲ್ಲಿನ ತಕರಾರು ನೆಗೆಟಿವ್‌ಗಳ ಸಂಖ್ಯೆಯದಲ್ಲ, ಬೇರೆ ಜಾಗ, ಬೇರೆ ಗಳಿಗೆಗಳನ್ನು ಒಂದೆಂದು ತೋರಿಸಿದ್ದರದು. ಬ್ರಾಕೆಟಿಂಗ್‌ನಲ್ಲಿ ಟ್ರೈಪಾಡ್ ಕದಲುವುದಿಲ್ಲ, ಎಕ್ಸ್‌ಪೋಷರ್‌ಗಳ ನಡುವಿನ ಅಂತರ ಸಾಮಾನ್ಯವಾಗಿ ಕೆಲವೇ ಕ್ಷಣ. ಅಷ್ಟರಲ್ಲೇ ಎಲೆ ಅಲುಗುತ್ತದೆ, ಅಲೆ ಸರಿಯುತ್ತದೆ. ಈ ಕೊರತೆ ನಿಜವಾದದ್ದು, ಮುಚ್ಚಿಡಬೇಕಾದದ್ದಲ್ಲ. ಕಣ್ಣಿಗೆ ರಾಚುವ ಬಣ್ಣ, ಗೋಪುರದ ಅಂಚಿನಲ್ಲಿ ಹೊಳೆಯುವ ಪ್ರಭೆಯಂತಹ ಗೆರೆ, ಇವೂ ದೋಷಗಳೇ. ಬೆಸೆದ ಬೆಳಕನ್ನು ಪರದೆಗೆ ಹೊಂದಿಸುವಾಗಿನ ಅಭಿರುಚಿಯ ದೋಷಗಳು ಅವು.

ವಿಜ್ಞಾನಿಗಳಂತೂ ಈ ವಿಧಾನವನ್ನು ಅಳತೆಯ ಸಾಧನವೆಂದೇ ನಂಬಿದರು. ಅಣುಸ್ಫೋಟದ ಕಣ್ಣು ಕುಕ್ಕುವ ನಡುಭಾಗವನ್ನೂ ಮಸುಕಾದ ಅಂಚನ್ನೂ ಒಟ್ಟಿಗೆ ಹಿಡಿಯಲು ಚಾರ್ಲ್ಸ್ ವೈಕಾಫ್ ರೂಪಿಸಿದ ಫಿಲ್ಮಿನಲ್ಲಿ ಬೇರೆ ಬೇರೆ ವೇಗದ ಮೂರು ಪದರಗಳಿದ್ದವು. ಒಂದೇ ಸಲಕ್ಕೆ ಮೂರು ಎಕ್ಸ್‌ಪೋಷರ್ ಸಿಕ್ಕಂತೆ ಅದು. 1997ರಲ್ಲಿ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ಹಲವು ಎಕ್ಸ್‌ಪೋಷರ್‌ಗಳಿಂದ ದೃಶ್ಯದ ಒಂದೊಂದು ಬಿಂದುವಿನ ಬೆಳಕಿನ ಪ್ರಮಾಣವನ್ನೇ ಲೆಕ್ಕಹಾಕಿ ತೋರಿಸಿದರು. ಬೆಸೆದ ಚಿತ್ರವನ್ನು ಹುಸಿ ಎಂದು ತಳ್ಳಿಹಾಕುವ ತೀರ್ಪುಗಾರರು ಎಷ್ಟು ಫ್ರೇಮ್ ಬಳಸಿದಿರಿ ಎಂಬ ಪ್ರಶ್ನೆಯನ್ನು ಬಿಟ್ಟು, ಆ ಫ್ರೇಮ್‌ಗಳು ಒಂದೇ ಜಾಗದ, ಒಂದೇ ಹೊತ್ತಿನವೇ ಎಂದು ಕೇಳಲಿ.