ಮಡಕೆಯೊಳಗಿನ ದೀಪ



1497ರಲ್ಲಿ ಪೋರ್ಚುಗಲ್ಲಿನ ಅರಸ ಮನುವೆಲ್ ತನ್ನ ನಾಡಿನ ಯೆಹೂದ್ಯರಿಗೆ ಬಲವಂತದ ಜ್ಞಾನಸ್ನಾನ ಕೊಡಿಸಿದನು. 1536ರಲ್ಲಿ ಧರ್ಮವಿಚಾರಣಾ ನ್ಯಾಯಾಲಯವೂ ಬಂದಿತು. ಬೆಲ್ಮೊಂಟೆ ಎಂಬ ಊರಿನ ಕೆಲವು ಕುಟುಂಬಗಳು ದೇವಾಲಯಕ್ಕೆ ಬರುತ್ತಿದ್ದರೂ ಮನೆಯಲ್ಲಿ ಸಬ್ಬತ್ ದೀಪವನ್ನು ಯಾರಿಗೂ ಕಾಣದಂತೆ ಮಣ್ಣಿನ ಮಡಕೆಯೊಳಗೆ ಹಚ್ಚಿಡುತ್ತಿದ್ದವು. ಗ್ರಂಥವಿಲ್ಲ, ರಬ್ಬಿಯಿಲ್ಲ, ತಾಯಂದಿರೇ ಹೆಣ್ಣುಮಕ್ಕಳಿಗೆ ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿಸಿದರು.

1917ರಲ್ಲಿ ಸಾಮ್ಯುಯೆಲ್ ಶ್ವಾರ್ಜ್ ಎಂಬ ಯೆಹೂದ್ಯ ಎಂಜಿನಿಯರ್ ಅಲ್ಲಿಗೆ ಬಂದಾಗ ಅವರು ಮೊದಲು ನಂಬಲಿಲ್ಲ. ಆತನ ಹೀಬ್ರೂ ಪ್ರಾರ್ಥನೆಯಲ್ಲಿ ‘ಅದೋನಾಯ್’ ಎಂಬ ಪದ ಕಿವಿಗೆ ಬಿದ್ದೊಡನೆ ತಮ್ಮವನೆಂದು ಗುರುತಿಸಿದರು. 1996ರಲ್ಲಿ ಆ ಊರಿನಲ್ಲಿ ಸಿನಗಾಗ್ ತೆರೆಯಿತು.

2000ರಲ್ಲಿ ಪೋಪ್ ಎರಡನೇ ಜಾನ್ ಪೌಲರು, ಕ್ರೈಸ್ತರಿಂದ ಯೆಹೂದ್ಯರಿಗಾದ ನೋವಿಗಾಗಿ ದೇವರ ಕ್ಷಮೆ ಬೇಡಿದರು. ಬಲವಂತದಿಂದ ವಿಶ್ವಾಸ ಹುಟ್ಟದು. ತಾಯಿಯ ಬಾಯಿಂದ ಕೇಳಿದ್ದು ಸುಲಭವಾಗಿ ಅಳಿಯದು. ಯಾರ ಭಯವೂ ಇಲ್ಲದ ನಮ್ಮ ಮನೆಗಳಲ್ಲಿ ಸಂಜೆಯ ಪ್ರಾರ್ಥನೆ ಉಳಿದಿದೆಯೇ?