ತಂಗಳನ್ನಕ್ಕೆ ಎರಡನೇ ಜನ್ಮ

ರಾತ್ರಿ ಎಂಟು ಗಂಟೆ. ಕೆಲಸ ಮುಗಿಸಿ ಬಂದವರಿಗೆ ಹೊಸದಾಗಿ ಅಡುಗೆ ಹೂಡುವ ತ್ರಾಣವಿಲ್ಲ. ಫ್ರಿಜ್ಜಿನಲ್ಲಿ ನಿನ್ನೆಯ ಅನ್ನವಿದೆ; ಬುಟ್ಟಿಯಲ್ಲಿ ಈರುಳ್ಳಿ, ಕ್ಯಾರೆಟ್, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಮೊಟ್ಟೆ. ಕರ್ನಾಟಕದ ಮನೆಯಲ್ಲಾದರೆ ಒಗ್ಗರಣೆ ಬಿದ್ದು ಆ ಅನ್ನ ಚಿತ್ರಾನ್ನವಾಗುತ್ತದೆ. ಚೀನಾದಲ್ಲಿ ಅದೇ 'ಚಾವ್ ಫಾನ್', ಅಂದರೆ ಹುರಿದ ಅನ್ನ. ಹೋಟೆಲುಗಳ ಫಲಕದಲ್ಲಿ 'ಫ್ರೈಡ್ ರೈಸ್' ಎಂದು ಮೆರೆಯುವ ಈ ತಿನಿಸು, ಮೂಲತಃ ಉಳಿದ ಅನ್ನವನ್ನು ಚೆಲ್ಲಲು ಮನಸ್ಸು ಬಾರದವರ ಅಡುಗೆ.

ಇದರ ತವರು ಚೀನಾದ ಯಾಂಗ್‌ಝೌ ನಗರ ಎಂಬ ಪ್ರತೀತಿಯಿದೆ. 7ನೇ ಶತಮಾನದ ಆರಂಭದಲ್ಲಿ ಸುಯ್ ರಾಜವಂಶ ನಿರ್ಮಿಸಿದ ಮಹಾ ಕಾಲುವೆಯ ದಡದಲ್ಲಿದ್ದ ಈ ಊರು ದೊಡ್ಡ ವ್ಯಾಪಾರ ಕೇಂದ್ರವಾಗಿತ್ತು. ಅಲ್ಲಿಗೆ ಬಂದ ಅರಸೊತ್ತಿಗೆಯವರಿಗೆ ಮೊಟ್ಟೆ ಬೆರೆಸಿ ಹುರಿದ ಅನ್ನ ಅಚ್ಚುಮೆಚ್ಚಾಗಿತ್ತು ಎಂಬ ಕತೆಗೆ ಗಟ್ಟಿ ಆಧಾರವಿಲ್ಲ. ಆದರೆ ದೊಡ್ಡ ಉರಿಯಲ್ಲಿ ಸರಸರನೆ ಹುರಿಯುವ ಪದ್ಧತಿ ಮಿಂಗ್ ರಾಜವಂಶದ (1368-1644) ಕಾಲದಲ್ಲಿ ವ್ಯಾಪಕವಾಯಿತೆಂದು ಇತಿಹಾಸಕಾರರು ಗುರುತಿಸುತ್ತಾರೆ. ಸೌದೆ ದುಬಾರಿಯಾದ ಕಡೆ, ತೆಳು ಕಬ್ಬಿಣದ ಬಾಣಲೆಯಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿಯುವ ಅಡುಗೆ ಬಡವರಿಗೂ ನಿಲುಕುತ್ತಿತ್ತು.

ಇದಕ್ಕೆ ಬಿಸಿ ಅನ್ನ ಒಗ್ಗದು. ಅನ್ನ ತಣಿದಂತೆ ಅದರಲ್ಲಿನ ಪಿಷ್ಟದ ಕಣಗಳು ಮತ್ತೆ ಬಿಗಿಯಾಗಿ ಜೋಡಿಕೊಳ್ಳುತ್ತವೆ, ಮೇಲ್ಮೈ ಒಣಗುತ್ತದೆ. ಹಾಗಾಗಿ ತಣ್ಣನೆಯ ಅನ್ನ ಬಾಣಲೆಯಲ್ಲಿ ಮುದ್ದೆಯಾಗದೆ ಅಗುಳು ಅಗುಳಾಗಿ ಬಿಡಿಸಿಕೊಳ್ಳುತ್ತದೆ. ಎಣ್ಣೆ ಚೆನ್ನಾಗಿ ಕಾದ ಮೇಲೆ ಬೆಳ್ಳುಳ್ಳಿ, ತರಕಾರಿ, ಮೊಟ್ಟೆ, ಬಳಿಕ ಅನ್ನ, ಕೊನೆಗೆ ಬಾಣಲೆಯ ಅಂಚಿಗೆ ಒಂದು ಚಮಚ ಸೋಯಾ ಸಾಸ್. ಹತ್ತು ನಿಮಿಷದಲ್ಲಿ ಊಟ ಸಿದ್ಧ.

ವಲಸೆ ಹೋದ ಚೀನೀಯರ ಜತೆ ಬಾಣಲೆಯೂ ಹೋಯಿತು. ಇಂಡೊನೇಷ್ಯದಲ್ಲಿ ಸಿಹಿ ಸೋಯಾ ಸಾಸ್ ಬೆರೆತು 'ನಾಸಿ ಗೋರೆಂಗ್' ಆಯಿತು. ಜಪಾನಿನಲ್ಲಿ 'ಚಾಹಾನ್' ಎನಿಸಿತು. 19ನೇ ಶತಮಾನದಲ್ಲಿ ಕೂಲಿಗಳಾಗಿ ಪೆರು ದೇಶ ಸೇರಿದವರಿಂದ ಅಲ್ಲಿ 'ಚೌಫಾ' ಹುಟ್ಟಿತು. ಭಾರತದಲ್ಲಿ ಚೀನೀಯರ ನೆಲೆ ಕಲ್ಕತ್ತೆ. 18ನೇ ಶತಮಾನದ ಕೊನೆಯ ಭಾಗದಿಂದ ಅಲ್ಲಿ ನೆಲೆಸತೊಡಗಿದವರ ಅಡುಗೆ, ಹಸಿಮೆಣಸಿನಕಾಯಿಯ ಖಾರ ಸೇರಿ ಕ್ರಮೇಣ ದೇಶದ ಬೀದಿಬೀದಿಯ ಗಾಡಿಗಳನ್ನು ತಲುಪಿತು.

ಮಿತವ್ಯಯದ ಈ ಅಡುಗೆಗೆ ಒಂದು ಅಪಾಯವೂ ಅಂಟಿಕೊಂಡಿದೆ. 1971ರಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳಲ್ಲಿ ಫ್ರೈಡ್ ರೈಸ್ ತಿಂದವರು ವಾಂತಿಯಿಂದ ಬಳಲಿದರು. ಕಾರಣ 'ಬ್ಯಾಸಿಲಸ್ ಸೀರಿಯಸ್' ಎಂಬ ಬ್ಯಾಕ್ಟೀರಿಯಾ. ಇದರ ಬೀಜಕಣಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಹೊರಗೇ ಉಳಿದರೆ ಮೊಳೆತು ವಿಷ ಬಿಡುತ್ತವೆ. ಮತ್ತೆ ಹುರಿದರೂ ಆ ವಿಷ ಅಳಿಯುವುದಿಲ್ಲ. ಆದ್ದರಿಂದ ಮಿಕ್ಕ ಅನ್ನವನ್ನು ಹರಡಿ ಬೇಗ ಆರಿಸಿ ಫ್ರಿಜ್ಜಿನಲ್ಲಿಡುವುದು ಕ್ಷೇಮ. ಇಡೀ ರಾತ್ರಿ ಒಲೆಯ ಪಕ್ಕ ಕುಳಿತ ಅನ್ನವನ್ನು ಬೆಳಿಗ್ಗೆ ಹುರಿಯಬಾರದು.

ತವರೂರಾದ ಯಾಂಗ್‌ಝೌ ಕೂಡ ಒಮ್ಮೆ ಎಡವಿತು. 2015ರ ಅಕ್ಟೋಬರಿನಲ್ಲಿ ನೂರಾರು ಬಾಣಸಿಗರು ಸೇರಿ 4 ಸಾವಿರ ಕಿಲೋಗೂ ಹೆಚ್ಚು ಹುರಿದ ಅನ್ನ ತಯಾರಿಸಿ ಗಿನ್ನೆಸ್ ದಾಖಲೆಗೆ ಪಾತ್ರರಾದರು. ಮಾಡಿದ ಆಹಾರವನ್ನು ಜನರೇ ಉಣ್ಣಬೇಕೆಂಬುದು ನಿಯಮ. ಅದರಲ್ಲಿ ಒಂದಿಷ್ಟು ಹಂದಿಗಳ ಪಾಲಾದದ್ದು ಬಯಲಾಗಿ ದಾಖಲೆ ರದ್ದಾಯಿತು. ಅನ್ನ ಚೆಲ್ಲಬಾರದೆಂದು ಹುಟ್ಟಿದ ತಿನಿಸಿಗೆ, ಅನ್ನ ಚೆಲ್ಲಿದ ತಪ್ಪಿಗೇ ಕಿರೀಟ ತಪ್ಪಿತು. ಹಿಡಿ ಅನ್ನವನ್ನೂ ಬಿಡದೆ ಬಾಣಲೆಗೆ ಸುರಿಯುವ ಮನೆಯವರು ಮಾತ್ರ ಯಾವ ದಾಖಲೆಯ ಹಂಗೂ ಇಲ್ಲದೆ ಆ ನಿಯಮ ಪಾಲಿಸುತ್ತಲೇ ಬಂದಿದ್ದಾರೆ.